ಪದವಿಯಿಲ್ಲದ ನಾಯಕತ್ವ: ನೇರ ಮಾರಾಟ ತಂಡಗಳಿಗೆ ಒಂದು ಪಾಠ

ನೇರ ಮಾರಾಟ ಅಥವಾ ನೆಟ್‌ವರ್ಕ್ ಮಾರ್ಕೆಟಿಂಗ್ ಎಂದು ಕರೆಯಲಾಗುವ ವ್ಯಾಪಾರ ಪದ್ಧತಿಯಲ್ಲಿ ಸರಕು ಅಂಗಡಿಯ ಮೂಲಕ ಹೋಗದೆ ಪರಿಚಯದ ದಾರಿಯಲ್ಲಿ ಗ್ರಾಹಕರ ಮನೆಯನ್ನು ಸೇರುತ್ತದೆ. ಮಾರಾಟಗಾರರು ತಾವು ಮಾರಿದ ಸರಕಿನ ಮೇಲೆ ಲಾಭ ಪಡೆಯುತ್ತಾರೆ. ತಾವು ತಂಡಕ್ಕೆ ಸೇರಿಸಿದವರು ಮಾರಿದ ಸರಕಿನ ಮೇಲೂ ಕಂಪನಿಯಿಂದ ಕಮಿಷನ್ ಪಡೆಯುತ್ತಾರೆ. ಇಂತಹ ತಂಡದಲ್ಲಿ ಯಾರೂ ಯಾರ ನೌಕರರೂ ಅಲ್ಲ. ಸಂಬಳವಿಲ್ಲ, ನೇಮಕಾತಿ ಪತ್ರವಿಲ್ಲ, ಆಜ್ಞೆ ಮಾಡುವ ಅಧಿಕಾರವೂ ಯಾರಿಗೂ ಇಲ್ಲ. ಬೆಳಿಗ್ಗೆ ಸೇರಿದವರು ಸಂಜೆ ಬಿಟ್ಟುಹೋಗಬಹುದು. ಹೀಗಿದ್ದೂ ಕೆಲವು ತಂಡಗಳು ವರ್ಷಗಟ್ಟಲೆ ನಿಲ್ಲುತ್ತವೆ. ಮತ್ತೆ ಕೆಲವು ಮೂರು ತಿಂಗಳಲ್ಲಿ ಚದುರಿ, ನೆರೆಹೊರೆಯ ಸಂಬಂಧಗಳನ್ನೂ ಕೆಡಿಸಿ ಹೋಗುತ್ತವೆ. ಈ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕಾರಣವಾಗುವುದು ತಂಡದೊಳಗೆ ಪದವಿಯಿಲ್ಲದೆ ಮುಂದಾಳುಗಳಾಗಿ ನಡೆದುಕೊಳ್ಳುವ ಒಬ್ಬಿಬ್ಬರು ಇದ್ದಾರೆಯೇ ಇಲ್ಲವೇ ಎಂಬುದು.

ಈ ವಿಷಯ ನೇರ ಮಾರಾಟ ಕಂಪನಿಗಳಿಗೆ ಮಾತ್ರ ಸೇರಿದ್ದಲ್ಲ. ಮಸಾಲೆ ಪುಡಿ, ಹಪ್ಪಳ, ಅಗರಬತ್ತಿ, ಬಟ್ಟೆ ಒಗೆಯುವ ಪುಡಿ ಮೊದಲಾದುವನ್ನು ತಯಾರಿಸಿ ಕಮಿಷನ್ ಆಧಾರದ ಮೇಲೆ ಮನೆಮನೆಗೆ ಮಾರಿಸುವ ಸಣ್ಣ ಉದ್ದಿಮೆದಾರರೂ ಇದೇ ಪರಿಸ್ಥಿತಿಯನ್ನು ಎದುರಿಸುತ್ತಾರೆ. ತಮ್ಮ ಸರಕು ಮಾರುವವರು ತಮ್ಮ ನೌಕರರಲ್ಲ; ಅವರನ್ನು ಹೇಗೆ ಒಟ್ಟಿಗೆ ನಡೆಸುವುದು ಎಂಬುದು ಅವರ ಪ್ರಶ್ನೆಯೂ ಹೌದು.

ಚಿನ್ನದ ಗಣಿ ಪ್ರದೇಶದ ಹಿನ್ನೆಲೆ

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಈ ಪಾಠಕ್ಕೆ ವಿಶೇಷ ಮಹತ್ವವುಂಟು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆಯತೊಡಗಿದ ಗಣಿಗಳು 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕೇಂದ್ರ ಸರ್ಕಾರಿ ಉದ್ದಿಮೆಯಾದುವು. 2001ರ ಫೆಬ್ರವರಿ 28ರಂದು ಮುಚ್ಚಿದುವು. ನೂರಿಪ್ಪತ್ತು ವರ್ಷ ಒಂದೇ ಉದ್ಯಮವನ್ನು ನಂಬಿದ್ದ ಊರಿನಲ್ಲಿ ಮಾಸಿಕ ವೇತನ ನಿಂತುಹೋಯಿತು. ಅನೇಕ ಕುಟುಂಬಗಳ ಕೈಗೆ ವಿಶೇಷ ನಿವೃತ್ತಿ ಪರಿಹಾರದ ಹಣ ಬಂದಿತು. ಅಂದಿನಿಂದ ಸಾವಿರಾರು ಮಂದಿ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆ ಜಂಕ್ಷನ್ ದಾಟಿ, ದಿನನಿತ್ಯ ಬೆಂಗಳೂರಿಗೆ ದುಡಿಮೆಗೆ ಹೋಗಿಬರುತ್ತಿದ್ದಾರೆ. ಮನೆಯಲ್ಲಿಯೇ ಇದ್ದು ನಾಲ್ಕು ಕಾಸು ಸಂಪಾದಿಸಬಹುದು ಎಂಬ ಮಾತು ಇಂತಹ ಊರಿನಲ್ಲಿ ಬೇಗ ಕಿವಿಗೆ ಬೀಳುತ್ತದೆ. ಆ ಮಾತನ್ನು ಹೇಳುವವರು ಅಪರಿಚಿತರಲ್ಲ. ಒಂದೇ ಲೈನಿನಲ್ಲಿ ಹುಟ್ಟಿ ಬೆಳೆದವರು, ಒಂದೇ ದೇವಸ್ಥಾನ, ಚರ್ಚ್, ಮಸೀದಿಗೆ ಹೋಗುವವರು. ಆದುದರಿಂದ ಇಲ್ಲಿ ತಂಡ ಕಟ್ಟುವವರು ಹೂಡುವ ಮೊದಲ ಬಂಡವಾಳ ನೆರೆಹೊರೆಯವರ ನಂಬಿಕೆ. ಒಮ್ಮೆ ಕಳೆದರೆ ಅದು ಮರಳಿ ಬರುವುದು ಕಷ್ಟ.

ಪದವಿಯಿಲ್ಲದ ಮುಂದಾಳತ್ವ ಈ ಊರಿಗೆ ಹೊಸದೂ ಅಲ್ಲ. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಗಣಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ಆಗ ಅಲ್ಲಿ ಮಾನ್ಯತೆ ಪಡೆದ ಕಾರ್ಮಿಕ ಸಂಘವಿರಲಿಲ್ಲ. ಆದರೂ ಬೇರೆ ಬೇರೆ ಊರು, ಬೇರೆ ಬೇರೆ ಭಾಷೆಗಳಿಂದ ಬಂದ ಸಾವಿರಾರು ಕಾರ್ಮಿಕರು ಒಗ್ಗಟ್ಟಿನಿಂದ ಕೆಲಸ ನಿಲ್ಲಿಸಿದರು. ಬೇಡಿಕೆ ಸರಿಯೇ ತಪ್ಪೇ ಎಂಬ ವಿಚಾರ ಹಾಗಿರಲಿ. ಪದವಿಯ ಬೆಂಬಲವಿಲ್ಲದವರ ಮಾತಿಗೂ ಜನ ಕಿವಿಗೊಡುತ್ತಾರೆ ಎಂಬುದಕ್ಕೆ ಅದು ಈ ನೆಲದ್ದೇ ನಿದರ್ಶನ.

ಅಧಿಕಾರದ ಐದು ಮೂಲಗಳು

ಒಬ್ಬರ ಮಾತನ್ನು ಇನ್ನೊಬ್ಬರು ಏಕೆ ಕೇಳುತ್ತಾರೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಫ್ರೆಂಚ್ ಮತ್ತು ಬರ್ಟ್ರಮ್ ರೇವನ್ 1959ರಲ್ಲಿ ವಿಂಗಡಿಸಿ ತೋರಿಸಿದರು. ಪ್ರತಿಫಲ ನೀಡುವ ಶಕ್ತಿ, ಶಿಕ್ಷಿಸುವ ಶಕ್ತಿ, ಸ್ಥಾನದಿಂದ ಬರುವ ಹಕ್ಕು, ತಿಳಿವಳಿಕೆ, ವ್ಯಕ್ತಿಯ ಮೇಲಿನ ಗೌರವ - ಇವು ಅವರು ಹೇಳಿದ ಐದು ಮೂಲಗಳು. ಕಾರ್ಖಾನೆಯ ಮಾಲೀಕರಿಗೆ ಮೊದಲಿನ ಮೂರೂ ಸಹಜವಾಗಿ ದೊರೆಯುತ್ತವೆ. ನೇರ ಮಾರಾಟ ತಂಡದ ಸದಸ್ಯರಿಗೆ ಆ ಮೂರೂ ಇಲ್ಲ. ಕಮಿಷನ್ ನೀಡುವುದು ಕಂಪನಿ, ತಂಡ ಬಿಡಲು ಪ್ರತಿಯೊಬ್ಬರೂ ಸ್ವತಂತ್ರರು. ಉಳಿಯುವುದು ತಿಳಿವಳಿಕೆ ಮತ್ತು ಗೌರವ ಎರಡೇ. ಈ ಎರಡನ್ನು ಯಾವ ಕಂಪನಿಯೂ ಸಮಾರಂಭ ನಡೆಸಿ ಕೊಡಲಾರದು. ದಿನನಿತ್ಯದ ನಡವಳಿಕೆಯಿಂದ ಅವನ್ನು ಗಳಿಸಬೇಕು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ಅನೇಕ ಕಂಪನಿಗಳು ಬೆಳ್ಳಿ, ಚಿನ್ನ, ವಜ್ರ ಎಂಬ ಹೆಸರಿನ ದರ್ಜೆಗಳನ್ನು ನೀಡುತ್ತವೆ. ಇವು ತಂಡದ ಖರೀದಿಯ ಮೊತ್ತವನ್ನು ಸೂಚಿಸುವ ದರ್ಜೆಗಳೇ ಹೊರತು ನಾಯಕತ್ವದ ಪ್ರಮಾಣಪತ್ರಗಳಲ್ಲ. ದರ್ಜೆ ಉಳಿಸಿಕೊಳ್ಳುವ ಆಸೆಯಿಂದ ತಮಗೂ ತಮ್ಮ ಕೆಳಗಿನವರಿಗೂ ಬೇಡದ ಸರಕು ಕೊಳ್ಳುವವರು ಮುಂದಾಳುಗಳಾಗುವುದಿಲ್ಲ. ಅವರು ಮೊದಲ ಗಿರಾಕಿಗಳಾಗುತ್ತಾರೆ, ಅಷ್ಟೆ.

ಲೆಕ್ಕ ಹೇಳುವ ಸತ್ಯ

ತಂಡ ಬೆಳೆಸುವುದೆಂದರೆ ಜನರನ್ನು ಸೇರಿಸುವುದು ಎಂಬ ಭಾವನೆಯನ್ನು ಒಂದು ಸರಳ ಲೆಕ್ಕ ಪರೀಕ್ಷಿಸುತ್ತದೆ. ಒಬ್ಬರು ಐವರನ್ನು, ಆ ಐವರಲ್ಲಿ ಪ್ರತಿಯೊಬ್ಬರೂ ಮತ್ತೆ ಐವರನ್ನು ಸೇರಿಸುತ್ತ ಹೋದರೆ ಹಂತಗಳು 5, 25, 125, 625, 3,125, 15,625, 78,125 ಎಂದು ಏರುತ್ತವೆ. ಎಂಟನೆಯ ಹಂತಕ್ಕೆ 3,90,625 ಮಂದಿ ಬೇಕು. 2011ರ ಜನಗಣತಿಯಂತೆ ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಪಟ್ಟಣಗಳ ಒಟ್ಟು ಜನಸಂಖ್ಯೆ, ಕೂಸುಗಳನ್ನೂ ವೃದ್ಧರನ್ನೂ ಸೇರಿಸಿ, ಸುಮಾರು ಎರಡು ಲಕ್ಷ. ಅಂದರೆ ಸೇರ್ಪಡೆಯನ್ನೇ ನಂಬಿದ ತಂಡಕ್ಕೆ ಎಂಟನೆಯ ಮೆಟ್ಟಿಲು ಹತ್ತುವುದರೊಳಗೆ ಊರೇ ಸಾಲದಾಗುತ್ತದೆ. ಕೊನೆಯಲ್ಲಿ ಸೇರಿದವರಿಗೆ ಸೇರಿಸಲು ಯಾರೂ ಉಳಿಯುವುದಿಲ್ಲ, ಮತ್ತು ಕೊನೆಯಲ್ಲಿ ಸೇರಿದವರೇ ಎಲ್ಲರಿಗಿಂತ ಹೆಚ್ಚು ಮಂದಿ.

ಎರಡನೆಯ ಲೆಕ್ಕ ದಾಸ್ತಾನಿನದು. ಉದಾಹರಣೆಗೆ ಹನ್ನೆರಡು ಸದಸ್ಯರ ಒಂದು ತಂಡವನ್ನು ಊಹಿಸಿಕೊಳ್ಳಬಹುದು. ದರ್ಜೆ ಉಳಿಸಿಕೊಳ್ಳಲು ಪ್ರತಿಯೊಬ್ಬರೂ ತಿಂಗಳಿಗೆ ರೂ. 4,000 ಬೆಲೆಯ ಸರಕು ಕೊಳ್ಳುತ್ತಾರೆ. ಅದರಲ್ಲಿ ರೂ. 2,400 ಬೆಲೆಯ ಸರಕು ಮಾರಾಟವಾಗಿ, ಶೇಕಡ 20ರಂತೆ ರೂ. 480 ಲಾಭ ಬರುತ್ತದೆ. ಉಳಿದ ರೂ. 1,600ರ ಸರಕು ಕಪಾಟಿನಲ್ಲಿ ಕೂರುತ್ತದೆ. ಆರು ತಿಂಗಳಲ್ಲಿ ಒಬ್ಬರ ಲಾಭ ರೂ. 2,880; ಕಪಾಟಿನಲ್ಲಿ ಸಿಕ್ಕಿಬಿದ್ದ ಹಣ ರೂ. 9,600. ಇಡೀ ತಂಡಕ್ಕೆ ಆ ಮೊತ್ತ ರೂ. 1,15,200. ಸಭೆಯಲ್ಲಿ ಓದಿ ಹೇಳುವುದು ಲಾಭದ ಅಂಕಿಯನ್ನು. ಮನೆಯಲ್ಲಿ ಜಗಳಕ್ಕೆ ಕಾರಣವಾಗುವುದು ಕಪಾಟಿನ ಅಂಕಿ. ಈ ಎರಡನೆಯ ಅಂಕಿಯನ್ನು ತಂಡದ ಮುಂದೆ ಧೈರ್ಯವಾಗಿ ಇಡುವವರೇ ಆ ತಂಡದ ನಿಜವಾದ ಮುಂದಾಳು, ಅವರ ದರ್ಜೆ ಯಾವುದೇ ಇರಲಿ.

ಕಾನೂನಿನ ಚೌಕಟ್ಟು

ಭಾರತದಲ್ಲಿ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳನ್ನು 1978ರ ಅಧಿನಿಯಮ ನಿಷೇಧಿಸಿದೆ. ಅಂತಹ ಯೋಜನೆಯನ್ನು ನಡೆಸುವುದಷ್ಟೇ ಅಲ್ಲ, ಅದಕ್ಕೆ ಸದಸ್ಯರನ್ನು ಸೇರಿಸುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧ. ಆದುದರಿಂದ ತಾನು ಬರಿಯ ಸದಸ್ಯ, ಪದಾಧಿಕಾರಿಯಲ್ಲ ಎಂಬ ಸಮಾಧಾನ ರಕ್ಷಣೆ ನೀಡದು. ಪದವಿಯಿಲ್ಲದವರಿಗೂ ಹೊಣೆಯುಂಟು.

2021ರ ಡಿಸೆಂಬರ್ 28ರಂದು ಪ್ರಕಟವಾದ ಗ್ರಾಹಕ ಸಂರಕ್ಷಣೆ (ನೇರ ಮಾರಾಟ) ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿ, ನ್ಯಾಯಸಮ್ಮತ ನೇರ ಮಾರಾಟದ ಲಕ್ಷಣಗಳನ್ನು ಹೇಳಿವೆ. ಸೇರ್ಪಡೆಗೆ ಶುಲ್ಕ ಪಡೆಯುವಂತಿಲ್ಲ. ಸಮಂಜಸ ಅವಧಿಯಲ್ಲಿ ಗ್ರಾಹಕರಿಗೆ ಮಾರಬಹುದಾದುದಕ್ಕಿಂತ ಹೆಚ್ಚು ಸರಕನ್ನು ಮಾರಾಟಗಾರರ ಮೇಲೆ ಹೇರುವಂತಿಲ್ಲ. ಮಾರಾಟಗಾರರು ಕಂಪನಿಯೊಂದಿಗೆ ಲಿಖಿತ ಒಪ್ಪಂದ ಹೊಂದಿರಬೇಕು. ಗುರುತಿನ ಚೀಟಿ ಇಲ್ಲದೆ, ಮುಂಚಿತವಾಗಿ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ. ಬೇರೆಯವರನ್ನು ಕರೆತಂದರೆ ಕೊಟ್ಟ ಹಣ ಮರಳುತ್ತದೆ ಎಂದು ಹೇಳಿ ಸರಕು ಮಾರುವಂತಿಲ್ಲ. ದೂರು ಇದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಮೆರಿಕದಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. 1979ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಮ್ವೇ ಸಂಸ್ಥೆಯ ಪ್ರಕರಣದಲ್ಲಿ ಅದು ಪಿರಮಿಡ್ ಯೋಜನೆಯಲ್ಲವೆಂದು ತೀರ್ಮಾನಿಸಿದಾಗ ಸಂಸ್ಥೆಯ ಮೂರು ನಿಯಮಗಳನ್ನು ಗಣನೆಗೆ ತೆಗೆದುಕೊಂಡಿತು: ಕೊಂಡ ಸರಕಿನಲ್ಲಿ ಶೇಕಡ 70ರಷ್ಟು ಮಾರಾಟವಾಗಿರಬೇಕು, ತಿಂಗಳಿಗೆ ಹತ್ತು ಮಂದಿ ಚಿಲ್ಲರೆ ಗ್ರಾಹಕರಿಗೆ ಮಾರಿರಬೇಕು, ತಂಡ ಬಿಡುವವರ ಉಳಿದ ಸರಕನ್ನು ಮರಳಿ ಪಡೆಯಬೇಕು. ಅದೇ ಪ್ರಕರಣದಲ್ಲಿ ಬೆಲೆ ನಿಗದಿ ಮತ್ತು ಆದಾಯದ ಉತ್ಪ್ರೇಕ್ಷೆಯ ವಿಷಯದಲ್ಲಿ ಸಂಸ್ಥೆಯನ್ನು ನಿರ್ಬಂಧಿಸಲಾಯಿತು. ಶೇಕಡ ಎಪ್ಪತ್ತು, ಹತ್ತು ಮನೆ, ವಾಪಸಾತಿ ಎಂಬ ಈ ಮೂರು ಅಳತೆಗಳನ್ನು ಯಾವ ಚಿಕ್ಕ ತಂಡವೂ ತನ್ನಷ್ಟಕ್ಕೆ ಪಾಲಿಸಬಹುದು.

ಅಭ್ಯಾಸದ ಐದು ಹೆಜ್ಜೆಗಳು

1. ಮೊದಲು ಮಾರಿ ತೋರಿಸುವುದು. ಹೊಸಬರಿಗೆ ಭಾಷಣಕ್ಕಿಂತ ಜೊತೆಯಲ್ಲಿ ನಡೆದು ಮಾರುವ ಬಗೆಯನ್ನು ತೋರಿಸುವುದು ಉಪಯುಕ್ತ. ಮೊದಲ ಮೂರು ಮನೆಗಳಲ್ಲಿ ಅನುಭವಿ ಮಾತನಾಡಿ ಹೊಸಬರು ಕೇಳಲಿ. ಮುಂದಿನ ಮೂರರಲ್ಲಿ ಹೊಸಬರು ಮಾತನಾಡಿ ಅನುಭವಿ ಕೇಳಲಿ. ಕೆ.ಜಿ.ಎಫ್.ನಲ್ಲಿ ಒಂದೇ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಕೇಳಿಬರುತ್ತವೆ. ಗ್ರಾಹಕರ ಭಾಷೆಯಲ್ಲಿ ಸರಕಿನ ಬಳಕೆ, ಬೆಲೆ, ವಾಪಸಾತಿಯ ಷರತ್ತುಗಳನ್ನು ವಿವರಿಸಬಲ್ಲವರು, ದರ್ಜೆಯಲ್ಲಿ ಎಷ್ಟೇ ಕೆಳಗಿದ್ದರೂ, ಆ ಬೀದಿಯ ಮಟ್ಟಿಗೆ ತಂಡದ ಮುಂದಾಳುಗಳೇ.

2. ಎರಡು ಅಂಕಣದ ಪುಸ್ತಕ ಇಡುವುದು. ಪ್ರತಿ ಸದಸ್ಯರ ಪುಸ್ತಕದಲ್ಲಿ ತಂಡದ ಹೊರಗಿನ ಗ್ರಾಹಕರಿಗೆ ಮಾರಿದ್ದು ಒಂದು ಕಡೆ, ಮನೆಯಲ್ಲಿ ಉಳಿದದ್ದು ಇನ್ನೊಂದು ಕಡೆ ಬರೆದಿರಲಿ. ಉದ್ರಿ ಕೊಟ್ಟಿದ್ದರೆ ವಸೂಲಾಗುವವರೆಗೆ ಅದನ್ನು ಲಾಭವೆಂದು ಎಣಿಸಬಾರದು. ವಾರದ ಸಭೆ ಈ ಪುಸ್ತಕ ನೋಡುವುದರಿಂದ ಆರಂಭವಾಗಲಿ. ಯಾರನ್ನೂ ನಾಚಿಸುವ ಉದ್ದೇಶ ಇದಕ್ಕಿಲ್ಲವೆಂಬುದು ಸ್ಪಷ್ಟವಾಗಬೇಕಾದರೆ ಸಭೆ ಕರೆದವರು ಮೊದಲು ತಮ್ಮ ಪುಸ್ತಕವನ್ನೇ ತೆರೆಯಬೇಕು.

3. ಆದಾಯದ ವಿಷಯದಲ್ಲಿ ಸತ್ಯ ಹೇಳುವುದು. ಹೊಸಬರು ಮೊದಲು ಕೇಳುವುದು ತಿಂಗಳಿಗೆ ಎಷ್ಟು ಬರುತ್ತದೆ ಎಂದು. ಯಾರೋ ದೂರದ ಊರಿನವರು ಕಾರು ಕೊಂಡ ಕಥೆ ಅದಕ್ಕೆ ಉತ್ತರವಲ್ಲ. ಈ ತಂಡದ ಹನ್ನೆರಡು ಮಂದಿಗೆ ಕಳೆದ ಆರು ತಿಂಗಳಲ್ಲಿ ಬಸ್ಸು, ರೈಲು, ಫೋನಿನ ಖರ್ಚು ಕಳೆದು ಕೈಗೆ ಬಂದ ಮೊತ್ತವೇ ಉತ್ತರ. ಆ ಮೊತ್ತ ಕೇಳಿ ಕೆಲವರು ಹಿಂದೆ ಸರಿಯಬಹುದು. ತಿಳಿದು ಸೇರಿದವರು ಮಾತ್ರ ಮೂರು ತಿಂಗಳಿಗೆ ಬೇಸತ್ತು ಹೋಗುವುದಿಲ್ಲ.

4. ಕೆಲಸಗಳನ್ನು ಸರದಿಯಂತೆ ಹಂಚುವುದು. ಕರ್ನಾಟಕದಲ್ಲಿ 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಗುಂಪುಗಳು ಈ ವಿಷಯದಲ್ಲಿ ಮಾದರಿಯಾಗಬಲ್ಲವು. ಹದಿನೈದು ಇಪ್ಪತ್ತು ಮಹಿಳೆಯರ ಗುಂಪಿನಲ್ಲಿ ಉಳಿತಾಯದ ಲೆಕ್ಕ ಎಲ್ಲರೆದುರು ನಡೆಯುತ್ತದೆ. ಪ್ರತಿನಿಧಿಗಳ ಹೊಣೆ ಕಾಲಕಾಲಕ್ಕೆ ಕೈಬದಲಾಗಬೇಕೆಂಬುದು ಅವುಗಳ ತತ್ತ್ವ. ಮಾರಾಟ ತಂಡದಲ್ಲಿಯೂ ಸರಕು ತರಿಸುವುದು, ಲೆಕ್ಕ ಬರೆಯುವುದು, ದೂರು ಕೇಳುವುದು ಎಂಬ ಮೂರು ಕೆಲಸಗಳನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಿದರೆ ಹೊಸ ಮುಂದಾಳುಗಳು ತಾವಾಗಿ ಕಾಣಿಸಿಕೊಳ್ಳುತ್ತಾರೆ. ಒಬ್ಬರು ಊರಿನಲ್ಲಿ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

5. ಬಿಟ್ಟುಹೋಗುವವರನ್ನು ಗೌರವದಿಂದ ಕಳುಹಿಸುವುದು. ತಂಡದ ಗುಣ ಗೊತ್ತಾಗುವುದು ಸೇರುವ ದಿನದಲ್ಲಲ್ಲ, ಬಿಡುವ ದಿನದಲ್ಲಿ. ಹೋಗುವವರ ಉಳಿದ ಸರಕನ್ನು ಕಂಪನಿಗೆ ಮರಳಿಸಲು ಅರ್ಜಿ ಬರೆದುಕೊಡುವುದು, ಸಾಧ್ಯವಾದಷ್ಟನ್ನು ಇತರ ಸದಸ್ಯರ ಗ್ರಾಹಕರಿಗೆ ಮಾರಿಕೊಡುವುದು, ಅವರ ಬಾಕಿ ಕಮಿಷನ್ ಬರುವಂತೆ ನೋಡಿಕೊಳ್ಳುವುದು - ಇವು ಯಾವ ದರ್ಜೆಯೂ ಬೇಡದ ಕೆಲಸಗಳು. ಹೀಗೆ ಹೋದವರು ನಾಳೆ ಸಂತೆಯಲ್ಲಿಯೋ ರೈಲಿನಲ್ಲಿಯೋ ಎದುರಾದಾಗ ಮುಖ ತಿರುಗಿಸುವುದಿಲ್ಲ.

ಮೇಲಿನ ಮಾತು ಮತ್ತು ಕೆಳಗಿನ ಹಿತ

ಪದವಿಯಿಲ್ಲದ ಮುಂದಾಳುಗಳಿಗೆ ಕಠಿಣವಾದ ಪರೀಕ್ಷೆ ಒದಗುವುದು ತಿಂಗಳ ಕೊನೆಯಲ್ಲಿ. ಮೇಲಿನ ಸಾಲಿನವರು ಗುರಿ ತಲುಪಲು ಇನ್ನಷ್ಟು ಸರಕು ತೆಗೆದುಕೊಳ್ಳಿ ಎನ್ನುತ್ತಾರೆ. ಕೆಳಗಿನ ಸಾಲಿನಲ್ಲಿ ಮಗಳ ಕಾಲೇಜು ಶುಲ್ಕಕ್ಕೆ ಕೂಡಿಟ್ಟ ಹಣ ಕೈಯಲ್ಲಿ ಹಿಡಿದ ಸದಸ್ಯರೊಬ್ಬರು ಏನು ಮಾಡಲಿ ಎಂದು ಕೇಳುತ್ತಾರೆ. ಆಗ "ಅಕ್ಕಾ, ಕಪಾಟಿನಲ್ಲಿ ಇರುವುದು ಮೊದಲು ಖಾಲಿಯಾಗಲಿ, ಈ ತಿಂಗಳು ಹೊಸದು ಬೇಡ" ಎಂದು ಹೇಳುವವರು ಆ ತಿಂಗಳ ಕಮಿಷನ್ ಕಳೆದುಕೊಳ್ಳಬಹುದು, ದರ್ಜೆಯನ್ನೂ ಕಳೆದುಕೊಳ್ಳಬಹುದು. ಆದರೆ ಮುಂದಿನ ತಿಂಗಳು ಅವರು ಈ ಸರಕು ಚೆನ್ನಾಗಿದೆ, ತೆಗೆದುಕೊಳ್ಳಿ ಎಂದಾಗ ಆ ಮಾತಿಗೆ ಬೆಲೆ ಬರುತ್ತದೆ. ಬೇಡ ಎನ್ನಬಲ್ಲವರ ಬೇಕು ಎಂಬ ಮಾತನ್ನು ಮಾತ್ರ ಜನ ನಂಬುತ್ತಾರೆ. ಪದವಿಯಿಲ್ಲದ ನಾಯಕತ್ವದ ತಿರುಳು ಇಷ್ಟೇ.

ಹೀಗೆ ಹೇಳುವುದಕ್ಕೆ ಒಂದು ಕ್ರಮವೂ ಉಂಟು. ಮೇಲಿನವರೊಂದಿಗೆ ಬಹಿರಂಗವಾಗಿ ಜಗಳವಾಡುವ ಅಗತ್ಯವಿಲ್ಲ. ತಂಡದ ಎರಡು ಅಂಕಣದ ಲೆಕ್ಕವನ್ನು ಅವರ ಮುಂದಿಟ್ಟು, ಶೇಕಡ 70 ಮಾರಾಟವಾಗದೆ ಹೊಸ ಖರೀದಿ ಇಲ್ಲವೆಂಬ ತಂಡದ ನಿರ್ಣಯವನ್ನು ತಿಳಿಸಬಹುದು. ಒಬ್ಬರ ಅಭಿಪ್ರಾಯವನ್ನು ತಳ್ಳಿಹಾಕುವುದು ಸುಲಭ, ಹನ್ನೆರಡು ಮಂದಿ ಸಹಿ ಹಾಕಿದ ಲೆಕ್ಕವನ್ನು ತಳ್ಳಿಹಾಕುವುದು ಕಷ್ಟ. ಅದಕ್ಕೂ ಒಪ್ಪದೆ ಒತ್ತಡ ಮುಂದುವರಿದರೆ ಆ ಕಂಪನಿಯ ಸಂಪರ್ಕವನ್ನೇ ಬಿಡುವುದು ಲೇಸು.

ವರ್ತಕರು ಮತ್ತು ಉದ್ದಿಮೆದಾರರಿಗೆ

ತಮ್ಮ ಸರಕನ್ನು ಇಂತಹ ತಂಡಗಳ ಮೂಲಕ ಮಾರಿಸುವ ಉದ್ದಿಮೆದಾರರು ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಬಹುಮಾನವನ್ನು ಸೇರ್ಪಡೆಗೆ ನೀಡದೆ ಗ್ರಾಹಕರು ಎರಡನೆಯ ಸಲ ಕೊಂಡದ್ದಕ್ಕೆ ನೀಡಬೇಕು. ಮರುಖರೀದಿಯೇ ಸರಕಿನ ಗುಣಕ್ಕೂ ಮಾರಾಟಗಾರರ ಗುಣಕ್ಕೂ ಸಾಕ್ಷಿ. ಎರಡನೆಯದಾಗಿ, ಉಳಿದ ಸರಕನ್ನು ಮರಳಿ ಪಡೆಯುವ ಷರತ್ತನ್ನು ಬರವಣಿಗೆಯಲ್ಲಿ ಕೊಡಬೇಕು. ಇದರಿಂದ ಸ್ವಲ್ಪ ನಷ್ಟ ಕಂಡರೂ, ಯಾವ ಸರಕು ಓಡುವುದಿಲ್ಲವೆಂಬ ಸಮಾಚಾರ ಕಾರ್ಖಾನೆಗೆ ಬೇಗ ತಲುಪುತ್ತದೆ. ಮೂರನೆಯದಾಗಿ, ಗಟ್ಟಿಯಾಗಿ ಮಾತನಾಡುವವರನ್ನು ಮುಂದಾಳುಗಳೆಂದು ತಿಳಿಯಬಾರದು. ತಂಡದವರು ಕಷ್ಟದಲ್ಲಿ ಯಾರ ಮನೆಗೆ ಹೋಗುತ್ತಾರೆ ಎಂದು ವಿಚಾರಿಸಿದರೆ ಮುಂದಾಳು ಯಾರೆಂಬುದು ತಿಳಿದುಬರುತ್ತದೆ. ತರಬೇತಿಯನ್ನು ಅಂತಹವರಿಗೆ ಮೊದಲು ನೀಡಬೇಕು.

ಅಂಗಡಿಯಿಟ್ಟ ವರ್ತಕರಿಗೂ ಇದರಲ್ಲಿ ಹಿತವುಂಟು. ರಾಬರ್ಟ್‌ಸನ್‌ಪೇಟೆಯ ಅಥವಾ ಬಂಗಾರಪೇಟೆಯ ಬಜಾರಿನಲ್ಲಿ ದಿನಸಿಗೂ ಬಟ್ಟೆಗೂ ಬರಬೇಕಾದ ಹಣ ಮಾರಾಟವಾಗದ ಡಬ್ಬಿಗಳ ರೂಪದಲ್ಲಿ ಕಪಾಟು ಸೇರಿದರೆ ಉದ್ರಿ ಖಾತೆ ಬೆಳೆಯುವುದು ಅಂಗಡಿಯಲ್ಲಿಯೇ.

ಪರೀಕ್ಷೆಗೆ ನಾಲ್ಕು ಪ್ರಶ್ನೆಗಳು

ತಂಡದಲ್ಲಿ ತಮ್ಮ ನಾಯಕತ್ವ ಬೆಳೆಯುತ್ತಿದೆಯೇ ಎಂದು ಅರಿಯಲು ಸದಸ್ಯರು ಆರು ತಿಂಗಳಿಗೊಮ್ಮೆ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು:

ಅ) ತಂಡಕ್ಕೆ ಸೇರದ, ಆದರೆ ಪ್ರತಿ ತಿಂಗಳೂ ಸರಕು ಕೊಳ್ಳುವ ಮನೆಗಳು ಎಷ್ಟಿವೆ? ಹತ್ತಕ್ಕಿಂತ ಕಡಿಮೆಯಿದ್ದರೆ ಹೊಸಬರನ್ನು ಸೇರಿಸುವ ಕೆಲಸ ಕಾಯಲಿ.

ಆ) ತಾವು ಕಲಿಸಿದವರಲ್ಲಿ ಎಷ್ಟು ಮಂದಿ ಈಗ ಇನ್ನೊಬ್ಬರಿಗೆ ಕಲಿಸಬಲ್ಲರು?

ಇ) ತಂಡದ ಎಲ್ಲರ ಕಪಾಟಿನಲ್ಲಿ ಇಂದು ಕುಳಿತಿರುವ ಸರಕಿನ ಒಟ್ಟು ಬೆಲೆ ಎಷ್ಟು? ಕಳೆದ ಸಲಕ್ಕಿಂತ ಅದು ಇಳಿದಿದೆಯೇ?

ಈ) ತಂಡ ಬಿಟ್ಟವರ ಮನೆಗೆ ಇಂದು ಸಂಕೋಚವಿಲ್ಲದೆ ಹೋಗಿ ಕುಳಿತುಕೊಳ್ಳಲು ಸಾಧ್ಯವೇ?

ಮೊದಲ ಮೂರು ಪ್ರಶ್ನೆಗಳಿಗೆ ಪುಸ್ತಕ ಉತ್ತರ ಹೇಳುತ್ತದೆ. ನಾಲ್ಕನೆಯದಕ್ಕೆ ಆಯಾ ಸದಸ್ಯರೇ ಉತ್ತರಿಸಿಕೊಳ್ಳಬೇಕು. ಹೌದು ಎಂದಾದರೆ ಅವರು ಕಂಪನಿಯ ಯಾವ ದರ್ಜೆಯಲ್ಲಿದ್ದರೂ ತಂಡದ ನಾಯಕರೇ.